ಕೃಷ್ಣೆಯ ಬೀಗರ ಮನೆಗೆ ಪುಕ್ಕಟೆ ಪ್ರವಾಸ

ಪುಕ್ಕಟೆ ಸಿಗುವಂಥದ್ದು ಎಲ್ಲೇ ಇರಲಿ, ನಮ್ಮ ಮನೆಯವರಿಗೆ ಅದರ ಸುಳಿವು ಹತ್ತುತ್ತದೆ. ಹತ್ತಿದ ಮೇಲೆ ಏನಾದರೊಂದು ಫಜೀತಿ ಆಗದೆ ನಾವು ಮನೆ ಮುಟ್ಟಿದ್ದು ನನಗೆ ನೆನಪಿಲ್ಲ. ಶಹಾಪುರದಲ್ಲಿ ಪುಕ್ಕಟೆ ಕಣ್ಣಿನ ತಪಾಸಣೆ ಎಂದು ಹೋದವರು ಇದ್ದ ಕನ್ನಡಕವನ್ನೂ ಕಳೆದುಕೊಂಡು ಬಂದರು. ಸುರಪುರದಲ್ಲಿ ಹೊಸ ಅಂಗಡಿಯ ಮುಂದೆ ಶರಬತ್ತು ಕೊಡುತ್ತಿದ್ದಾರೆಂದು ನಿಂತವರನ್ನು ಯಾರೋ ಮುಖ್ಯ ಅತಿಥಿ ಅಂದುಕೊಂಡು ಕುರ್ಚಿಯಲ್ಲಿ ಕೂರಿಸಿದರು. ಇವರು ಇಲ್ಲ ಎನ್ನಬೇಕಲ್ಲ? ಹಾರ ಹಾಕಿಸಿಕೊಂಡು, ಭಾಷಣ ಮಾಡಿ, ಎರಡನೇ ಗ್ಲಾಸು ಶರಬತ್ತು ಕುಡಿದು ಬಂದರು.

ನಾನು ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಮನೆಯಲ್ಲೇ ಕುಬಸ ಹೊಲಿಯುತ್ತೇನೆ. ಮನೆಯವರು ನಾರಾಯಣಪುರದ ಡ್ಯಾಮಿನಲ್ಲಿ ಗೇಟು ಎತ್ತುವ, ಇಳಿಸುವ ಕೆಲಸದಲ್ಲಿದ್ದು ಈಗ ನಿವೃತ್ತರು. ಕೃಷ್ಣಾ ನದಿ ತಮ್ಮ ಮಾತು ಕೇಳಿಯೇ ಹರಿಯುತ್ತದೆ ಎಂಬ ಭಾವನೆ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಮಳೆಗಾಲದಲ್ಲಿ ಗೇಟು ಎತ್ತಿ ಬಂದ ದಿನ ಊಟಕ್ಕೆ ಕೂತು, "ಹೋತು, ಎಲ್ಲಾ ನೀರು ಆಂಧ್ರಕ್ಕ ಹೋತು" ಎಂದು ಹಲ್ಲು ಕಡಿಯುವುದು ಅವರ ಹಳೆಯ ಅಭ್ಯಾಸ.

ಮೂರನೆಯವರು ನಮ್ಮ ಅತ್ತೆ. ಅತ್ತೆಗೆ ಬರೀ ಗಂಡುಮಕ್ಕಳು. ಮಗಳ ಮನೆಗೆ ಬುತ್ತಿ ಕಟ್ಟಿಕೊಂಡು ಹೋಗಿ, ಅವಳ ಉಡಿ ತುಂಬಿ, ಬೀಗರ ಪಡಸಾಲೆಯಲ್ಲಿ ಕಾಲು ಚಾಚಿ ಕೂಡುವ ಭಾಗ್ಯ ತನಗಿಲ್ಲ ಎಂಬ ಕೊರಗು ಅವರಿಗೆ ಮೊದಲಿನಿಂದಲೂ ಇದೆ. ಅದಕ್ಕೇ ಇರಬೇಕು, ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದಾಗಲೇ ಕೃಷ್ಣಾ ನದಿಯನ್ನು ಮಗಳು ಮಾಡಿಕೊಂಡುಬಿಟ್ಟರು.

"ಕೃಷ್ಣವ್ವ ನಮ್ಮ ಹುಡುಗಿ. ನಮ್ಮ ಕಣ್ಮುಂದ ಬೆಳದು ಸಮುದ್ರದ ಮನಿಗೆ ನಡದಾಳ. ಕೊಟ್ಟ ಮನಿ ಹ್ಯಾಂಗದ ಅಂತ ಒಮ್ಮಿ ನೋಡಬ್ಯಾಡೇನು? ಆಕಿ ಉಡಿ ತುಂಬಬ್ಯಾಡೇನು?" ಎಂದು ಅವರು ವರ್ಷಕ್ಕೊಮ್ಮೆ ಕೇಳುವರು. ಮನೆಯವರು ಕೇಳಿಯೂ ಕೇಳದವರಂತೆ ಇರುವರು.

ಈ ಸಲ ಮಂಗಳೂರಿನ ಬ್ಯಾಂಕಿನಲ್ಲಿರುವ ನನ್ನ ತಮ್ಮ, ತಾನು ಟ್ರೇನಿಂಗಿಗೆ ಹೋಗುತ್ತೇನೆ, ಒಂದು ವಾರ ಮನೆ ಖಾಲಿ ಇರುತ್ತದೆ, ಬಂದು ಇರಿ ಎಂದ. ಮನೆಯವರ ಕಣ್ಣು ಅರಳಿತು. "ಮನಿ ಪುಕ್ಕಟೆ. ಸಮುದ್ರ ಪುಕ್ಕಟೆ. ಗುಡಿಯಾಗ ಊಟ ಪುಕ್ಕಟೆ. ನಡೀ ಯವ್ವಾ, ನಾ ಬಿಟ್ಟ ನೀರು ಎಲ್ಲಿ ಹೋಗಿ ಮುಟ್ಟತದ ಅಂತ ತೋರಸ್ತೀನಿ" ಎಂದು ಎದೆ ಮುಂದೆ ಮಾಡಿ ನಿಂತರು.

ಯಾರ ಮನೆಯಲ್ಲೂ ನಿಲ್ಲದ ಖಣ

ಅತ್ತೆ ಬುತ್ತಿಗೆ ಕೂತರು. ಸಜ್ಜಿ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಕೆಂಪು ಖಾರ, ಶೇಂಗಾ ಹೋಳಿಗೆ. "ಇಷ್ಟು ಯಾಕ್ರಿ ಅತ್ತಿ, ನಾವು ಮೂರ ಮಂದಿ" ಎಂದರೆ, "ಬೀಗರ ಮನಿ ಮಂದಿ ಎಷ್ಟ ಅದಾರೋ ನಿನಗ ಗೊತ್ತೇನು?" ಎಂದರು. ಸಮುದ್ರದ ಮನೆಯಲ್ಲಿ ಎಷ್ಟು ಮಂದಿ ಇರುತ್ತಾರೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಹಸಿರು ಬಳೆ ಎಲ್ಲ ಅತ್ತೆಯೇ ತೆಗೆದಿಟ್ಟು, ಕುಬಸದ ಖಣ ಮಾತ್ರ ನನಗೆ ಬಿಟ್ಟರು. ಹೊಲಿಯುವವಳ ಮನೆಯಲ್ಲಿ ಖಣಕ್ಕೆ ಬರವೇ? ಆದರೆ ಮನೆಯವರು ಪೆಟ್ಟಿಗೆ ಕೆದಕಿ ಒಂದು ಹಸಿರು ಖಣ ಎತ್ತಿ ಹಿಡಿದರು.

ಆ ಖಣದ ಕತೆ ಕ್ಯಾಂಪಿಗೆಲ್ಲ ಗೊತ್ತು. ಯಾವುದೋ ಗೃಹಪ್ರವೇಶದಲ್ಲಿ ನನಗೆ ಬಂದದ್ದು. ನಾನು ಗೋಗಿ ಊರಿನ ಚಿಗವ್ವನಿಗೆ ಕೊಟ್ಟೆ. ಚಿಗವ್ವ ತನ್ನ ನಾದಿನಿಗೆ, ನಾದಿನಿ ನಮ್ಮ ಪಕ್ಕದ ಕ್ವಾರ್ಟರ್ಸಿನ ಮೇಷ್ಟ್ರ ಹೆಂಡತಿಗೆ, ಅವಳು ಸಂಕ್ರಮಣದ ಅರಿಶಿನ ಕುಂಕುಮಕ್ಕೆ ಮತ್ತೆ ನನಗೆ. ಮೂಲೆಯಲ್ಲಿ ನಾನೇ ಹಾಕಿದ ಚಾಕ್‌ಪೀಸಿನ ಗುರುತು ಇತ್ತು, ಹಾಗಾಗಿ ಕೈಗೆ ಬಂದ ಕೂಡಲೇ ಗುರುತು ಹಿಡಿದೆ. ಎಲ್ಲರೂ ಕೊಡುವವರೇ ಹೊರತು ಹೊಲಿಸಿಕೊಳ್ಳುವವರು ಒಬ್ಬರೂ ಇಲ್ಲ. ಬಣ್ಣ ಹಾಗಿದೆ.

"ಪುಕ್ಕಟೆ ಬಂದದ್ದು, ಪುಕ್ಕಟೆ ಹೋಗ್ಲಿ ಬಿಡು" ಎಂದರು ಮನೆಯವರು. "ಸಮುದ್ರಕ್ಕ ಹಾಕಿದ ಮ್ಯಾಲ ವಾಪಸ್ ಬರ್ತದೇನು?"

ನನಗೂ ಅದೇ ಧೈರ್ಯ. ಸಮುದ್ರಕ್ಕಂತೂ ನಾದಿನಿ ಇಲ್ಲ ಅಂದುಕೊಂಡೆ.

ನೀರು ಬಿಟ್ಟವರು ಯಾರು?

ಮಂಗಳೂರಿನ ದಂಡೆಗೆ ಬಂದು ನಾವು ಮೂವರೂ ಸಮುದ್ರವನ್ನು ಮೊದಲ ಸಲ ಕಂಡೆವು. ನಮ್ಮ ಮನೆಯಲ್ಲಿ ಅದೇ ಒಂದು ದೊಡ್ಡ ಸುದ್ದಿ. ಅತ್ತೆ ಸೆರಗು ಹೊದ್ದು, ಕೈ ಮುಗಿದು, ಸಣ್ಣ ದನಿಯಲ್ಲಿ ಅಂದರು: "ಮನಿ ಭಾಳ ದೊಡ್ಡದದ. ನಮ್ಮ ಹುಡುಗಿ ಎಲ್ಲಿ ಒಳಗ ಕೆಲಸಾ ಮಾಡಾಕತ್ತಾಳೋ ಏನೋ."

ಉಡಿಯನ್ನು ಅವತ್ತೇ ಮುಗಿಸೋಣ ಎಂದೆ. ಶುಕ್ರವಾರ ಬರಲಿ ಎಂದರು ಅತ್ತೆ. ನಾವು ಬಂದದ್ದು ಸೋಮವಾರ. ಮನೆಯವರಿಗೆ ಅದೂ ಖುಷಿ, ಅಲ್ಲಿಯವರೆಗೆ ಪುಕ್ಕಟೆ ಇದ್ದದ್ದೆಲ್ಲ ನೋಡಬಹುದು.

ಬಿಸಿಲು ಚೆನ್ನಾಗಿತ್ತು. ಪಕ್ಕದಲ್ಲಿ ಛತ್ರಿ ಹಿಡಿದಿದ್ದ ಅಲ್ಲಿಯ ಹೆಂಗಸು, "ಎಂಥ ಬಿಸಿಲು ಮಾರಾಯ್ರೆ, ಕೂರ್ಲಿಕ್ಕೆ ಆಗುದಿಲ್ಲ" ಎಂದಳು. ಅತ್ತೆ ಆಕಾಶ ನೋಡಿದರು. "ಇದಕ್ಕ ಬಿಸಲಂತಾರೇನು? ನಮ್ಮ ಕಡಿ ಇದು ನೆಳ್ಳು" ಎಂದರು. ಸ್ವಲ್ಪ ಹೊತ್ತಿಗೆ ಕುಬಸವೆಲ್ಲ ತೊಯ್ದು ಹೋಯಿತು. "ಬಿಸಲು ನಮ್ಮದಕಿಂತ ಸಣ್ಣದು ಖರೇ. ಬೆವರು ಮಾತ್ರ ಇವರದ ದೊಡ್ಡದು" ಎಂದು ಒಪ್ಪಿಕೊಂಡರು.

ಮನೆಯವರು ಮಾತ್ರ ಕೆಲಸಕ್ಕೆ ಇಳಿದಿದ್ದರು. ನೀರಿನ ಮಟ್ಟ ತೋರಿಸುವ ಪಟ್ಟಿ ಎಲ್ಲಿ ಎಂದು ದಂಡೆಯುದ್ದಕ್ಕೂ ಹುಡುಕಿ, ಸಿಗದೆ, ಒಂದು ತೆಂಗಿನ ಗರಿಯ ದಂಟು ತಂದು ನೀರಿನ ಅಂಚಿಗೆ ನೆಟ್ಟು ಕೂತರು. ಮಧ್ಯಾಹ್ನದ ಹೊತ್ತಿಗೆ ನೀರು ದಂಟು ಬಿಟ್ಟು ದೂರ ಹೋಗಿತ್ತು. ಇವರು ಗಾಬರಿಯಾಗಿ ಎದ್ದು, ಸೀಟಿ ಹಿಡಿದು ದಂಡೆ ಕಾಯುತ್ತಿದ್ದವರ ಹತ್ತಿರ ಓಡಿದರು.

"ರೀ, ನೀರು ಇಳದದ! ಯಾರ್ ಬಿಟ್ರು?"

ಆ ಸೀಟಿಯವರು ನಮ್ಮವರ ವಯಸ್ಸಿನವರೇ, ಶಾಂತ ಮನುಷ್ಯ. "ಯಾರೂ ಬಿಡ್ಲಿಲ್ಲ ಮಾರಾಯ್ರೆ. ಇಳಿತ ಅಲ್ವಾ? ಸಂಜೆಗೆ ಪುನಃ ಬರ್ತದೆ" ಎಂದರು.

"ಮ್ಯಾಲಿನವರ ಆರ್ಡರ್ ಇಲ್ಲದ ಹ್ಯಾಂಗ ಇಳೀತದ್ರಿ?"

"ಆರ್ಡರ್ ಉಂಟು. ಮೇಲಿನವರದ್ದೇ" ಎಂದು ಸೀಟಿಯವರು ಬೆರಳು ಎತ್ತಿದರು. "ಚಂದ್ರನದ್ದು."

ಮನೆಯವರು ಮೇಲೆ ನೋಡಿದರು. ಜೀವಮಾನವಿಡೀ ಮೇಲಿನವರ ಆರ್ಡರಿಗೆ ಕಾದವರು, ಕಾಣದ ಸಾಹೇಬರಿಗೂ ಮರ್ಯಾದೆ ಕೊಡುವುದು ರೂಢಿ. ಟೋಪಿ ತೆಗೆದರು.

ಆಮೇಲೆ ಇಬ್ಬರಿಗೂ ಸ್ನೇಹ ಬೆಳೆಯಿತು. ಆಳಕ್ಕೆ ಹೋದವರನ್ನು ಸೀಟಿಯವರು "ಸ್ವಲ್ಪ ಈಚೆಗೆ ಬನ್ನಿ ಆಯ್ತಾ" ಎಂದು ಕರೆಯುವರು, ಅವರು ಕೇಳುತ್ತಿರಲಿಲ್ಲ. ಡ್ಯಾಮಿನ ಕೆಳಗೆ ಈಜುವವರನ್ನು ಓಡಿಸಿ ಪಳಗಿದ ನಮ್ಮವರು ಒಮ್ಮೆ ಎದ್ದು ನಿಂತು, "ಏಯ್! ಹೊರಗ ಬಾ! ಸಾಯಾಕ ಬಂದೀಯೇನ್?" ಎಂದು ಕೂಗಿದರು. ನೀರಿನಲ್ಲಿದ್ದವರಷ್ಟೇ ಅಲ್ಲ, ದಂಡೆಯಲ್ಲಿ ಚುರುಮುರಿ ತಿನ್ನುತ್ತಿದ್ದವರೂ ಎದ್ದು ರಸ್ತೆಗೆ ಹೋದರು.

ನಗುವ ಮಂದಿ

ಮರುದಿನ ಬೆಳಿಗ್ಗೆ ಮನೆಯವರು ಸುದ್ದಿ ತಂದರು. ದಂಡೆಯ ಹತ್ತಿರದ ಪಾರ್ಕಿನಲ್ಲಿ ನಗೆಕೂಟವಂತೆ, ಪುಕ್ಕಟೆ. ವಯಸ್ಸಾದವರೆಲ್ಲ ಸೇರಿ ಗುಂಡಗೆ ನಿಂತು ನಗುತ್ತಾರೆ, ಆರೋಗ್ಯಕ್ಕೆ ಒಳ್ಳೆಯದು.

ಹೋದೆವು. ನಡುವೆ ನಿಂತವರು ಕೈ ತಟ್ಟಿ "ಈಗ ಎಲ್ಲರೂ ನಗಿ!" ಎಂದರು. ಎಲ್ಲರೂ ಹೊಟ್ಟೆ ಹಿಡಿದು ಹೋ ಹೋ ಎಂದರು. ಮನೆಯವರು ಪುಕ್ಕಟೆ ಇದ್ದದ್ದನ್ನು ಯಾಕೆ ಕಡಿಮೆ ಮಾಡಬೇಕೆಂದು ಎಲ್ಲರಿಗಿಂತ ಜೋರಾಗಿ ನಕ್ಕರು. ಅತ್ತೆ ಮಾತ್ರ ಗಂಭೀರವಾಗಿ ನಿಂತಿದ್ದರು.

"ಅಜ್ಜಿ, ನೀವೂ ನಗಿ."

"ನಗ್ತೀನಪ್ಪಾ. ಏನಾಗ್ಯಾದ ಅಂತ ಮೊದಲ ಹೇಳು."

"ಏನೂ ಆಗ್ಲಿಲ್ಲ. ಸುಮ್ಮನೆ ನಗುವುದು."

"ಸುಮ್ಮಸುಮ್ಮನ ನಕ್ಕರ ನಮ್ಮೂರಾಗ ದೆವ್ವ ಹೊಕ್ಕದಂತ ದೇವರ ಹೇಳೋರ ಕಡಿ ಕರ್ಕೊಂಡ್ ಹೋಗ್ತಾರ" ಎಂದರು ಅತ್ತೆ. ಆಮೇಲೆ ಇವರೆಲ್ಲ ಕಾರಣವಿಲ್ಲದೆ ನಗಬೇಕಾದ ಪಾಡಿಗೆ ಮರುಗಿ, ಒಂದು ಕಾರಣ ತಾವೇ ಒದಗಿಸಿದರು. ನಮ್ಮ ಮನೆಯವರು ಹೆಣ್ಣು ನೋಡಲು ಬಂದ ದಿನದ್ದು. ನನ್ನ ತವರಿನ ಓಣಿಗೆ ಬರುವ ಮುಂಚೆ ಕೂದಲು ಬಾಚಿಕೊಳ್ಳಲು ಕಾಲುವೆಯ ನೀರಿನಲ್ಲಿ ಮುಖ ನೋಡಹೋಗಿ, ಬಾಚಣಿಗೆ ಸಮೇತ ಒಳಗೆ ಬಿದ್ದದ್ದು. ಒದ್ದೆ ಬಟ್ಟೆಯಲ್ಲೇ ಬಂದು ಕಂಬಳಿ ಹೊದ್ದು ಕೂತದ್ದು. ಹುಡುಗನಿಗೆ ಚಳಿಜ್ವರ ಇದೆ ಎಂದು ನಮ್ಮ ಅಪ್ಪ ಹೆಣ್ಣು ಕೊಡಲು ಹಿಂದೆ ಮುಂದೆ ನೋಡಿದ್ದು.

ಮಾತು ಅರ್ಧ ತಿಳಿದವರೂ ಪೂರ್ತಿ ನಕ್ಕರು. ನಡುವೆ ನಿಂತವರು ಕೈ ತಟ್ಟಿ "ಈಗ ನಿಲ್ಲಿಸಿ, ಉಸಿರು ತೆಗೆದುಕೊಳ್ಳಿ" ಎಂದರೂ ಯಾರೂ ನಿಲ್ಲಿಸಲಿಲ್ಲ. ಎಲ್ಲರೂ ಸುಸ್ತಾಗಿ ಹುಲ್ಲಿನ ಮೇಲೆ ಕೂತ ಮೇಲೆ ಅತ್ತೆಗೆ ನಗು ಶುರುವಾಯಿತು. ಅವರ ನಗು ಹಾಗೇ, ತಡವಾಗಿ ಬರುತ್ತದೆ, ಬಂದರೆ ಹೋಗುವುದಿಲ್ಲ. ಆಟೋದಲ್ಲಿ ಕೂರಿಸಿಕೊಂಡು ಬರಬೇಕಾಯಿತು.

ಪುಕ್ಕಟೆ ನಗಲು ಹೋಗಿ ಆಟೋಗೆ ದುಡ್ಡು ಕೊಟ್ಟು ಬಂದೆವಲ್ಲ ಎಂದು ಮನೆಯವರೊಬ್ಬರು ಮಾತ್ರ ಇಡೀ ದಿನ ನಗಲಿಲ್ಲ.

ಒಲ್ಲೆ ಅಂದವರ ಎಲೆ

ಬುಧವಾರ ಒಂದು ಗುಡಿಯಲ್ಲಿ ಊಟಕ್ಕೆ ಕೂತೆವು. ಅನ್ನ, ಸಾರು, ಪಾಯಸ, ಎಲ್ಲ ರುಚಿ. ಉಂಡು ಎದ್ದ ಅತ್ತೆಗೆ ಸಮಾಧಾನವಿಲ್ಲ. "ಒಬ್ಬರ ಮನ್ಯಾಗ ಉಂಡು ಕೈ ತೊಳಕೊಂಡು ಹ್ಯಾಂಗ ಹೋಗೋದು? ಒಂದೀಟು ದುಡಿಬೇಕು" ಎಂದು ಬಡಿಸುವವರ ಕೈಯಿಂದ ಅನ್ನದ ಪಾತ್ರೆ ಇಸಿದುಕೊಂಡೇಬಿಟ್ಟರು. ವಯಸ್ಸಾದವರು, ಸೇವೆ ಮಾಡಲಿ ಎಂದು ಅವರೂ ಸುಮ್ಮನಾದರು. ಅಲ್ಲೇ ತಪ್ಪಿದ್ದು.

ಆ ಕಡೆಯವರು ಸಾಕು ಎಂದರೆ ಸಾಕು ಎಂದೇ ಅರ್ಥ. ನಮ್ಮ ಕಡೆ ಹಾಗಲ್ಲ. ಮೊದಲ ಸಾಕು ಮರ್ಯಾದೆಗೆ, ಎರಡನೆಯದು ನಾಚಿಕೆಗೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಮಾತ್ರ ಇನ್ನೂ ಸ್ವಲ್ಪ ಹಾಕಿ ನಿಲ್ಲಿಸಬಹುದು ಎಂದು ಲೆಕ್ಕ. ಮಂಗಳೂರಿನವರು ಒಂದೇ ಸಲ "ಸಾಕು" ಎಂದು ನಂಬಿಕೊಂಡು ಕೂತಿದ್ದರು. ಅತ್ತೆ ಅನ್ನ ಹಾಕಿದರು. ಬೇಡ ಅಂದವರಿಗೆ, "ಯಾಕ, ಮೈಯಾಗ ಆರಾಮಿಲ್ಲೇನು?" ಎಂದು ಕೇಳಿ ಮತ್ತೆ ಹಾಕಿದರು. ತೆಳ್ಳಗಿದ್ದ ಒಬ್ಬರ ಮುಂದೆ ನಿಂತು, "ನಿಮ್ಮವ್ವ ನೋಡೀದ್ರ ಅಳ್ತಾಳ" ಎಂದು ಬೈದು ಹಾಕಿದರು. ಆತ ಬ್ಯಾಂಕಿನ ದೊಡ್ಡ ಸಾಹೇಬನಂತೆ, ತಲೆ ತಗ್ಗಿಸಿ ಉಂಡ.

ಅನ್ನ ಬಿಡುವಂತಿಲ್ಲ ಎಂದು ಗೋಡೆಗೆ ಬರೆದಿತ್ತು. ಹಾಗಾಗಿ ಪಂಕ್ತಿಯಿಂದ ಒಬ್ಬರೂ ಏಳುವಂತಿಲ್ಲ. ಮುಂದಿನ ಪಂಕ್ತಿಯವರು ಬಾಗಿಲಲ್ಲಿ ಕಾದು ನಿಂತಿದ್ದಾರೆ. ಕೊನೆಗೆ ಗುಡಿಯವರು ಬಂದು ಬಹಳ ನಯವಾಗಿ, "ಅಮ್ಮ, ಇವರಿಗೆ ಬಿಡುಗಡೆ ಕೊಡಿ" ಎಂದು ಕೈ ಮುಗಿದರು.

ಎಲ್ಲರೂ ಎದ್ದರು, ಒಬ್ಬರು ಏಳಲಿಲ್ಲ. ಎರಡನೇ ಸಲ ಪುಕ್ಕಟೆ ಊಟಕ್ಕೆ ಸದ್ದಿಲ್ಲದೆ ಮೂಲೆಯಲ್ಲಿ ಕೂತಿದ್ದ ನಮ್ಮ ಮನೆಯವರು, ಅತ್ತೆ ಕೈ ಬಿಟ್ಟ ಮೇಲೂ ಉಣ್ಣುತ್ತಿದ್ದರು.

ಬೀಗರ ಮನೆ

ಶುಕ್ರವಾರ ಬಂತು. ಅತ್ತೆ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ಪೆಟ್ಟಿಗೆಯ ತಳದಿಂದ ಇಳಕಲ್ಲ ಸೀರೆ ತೆಗೆದು ಉಟ್ಟರು. ಮಗಳ ಮನೆಗೆ ಹೊರಟವರ ಮುಖ ಹೇಗಿರುತ್ತದೆ ಎಂದು ನನ್ನ ತವರಿನಲ್ಲಿ ನೋಡಿದ್ದೇನೆ, ನಮ್ಮವ್ವನ ಮುಖ ಹಾಗೇ ಆಗುತ್ತಿತ್ತು.

ಸೀಟಿಯವರು ಪಕ್ಕದಲ್ಲೇ ನಿಂತು, ಮೊಣಕಾಲ ನೀರಿನವರೆಗೆ ಮಾತ್ರ ಎಂದರು. ಅತ್ತೆ ಅರಿಶಿನ ಕುಂಕುಮ ನೀರಿಗೆ ಬಿಟ್ಟು, ಉಡಿಯ ಸಾಮಾನೆಲ್ಲ ನಾನು ಖಣದಲ್ಲಿ ಕಟ್ಟಿ ತಂದಿದ್ದ ಗಂಟನ್ನು ಎತ್ತಿ, "ಯವ್ವಾ ಕೃಷ್ಣವ್ವಾ, ತಡಾ ಆತು, ಸಿಟ್ಟು ಆಗಬ್ಯಾಡ" ಎಂದು ತೆರೆಯ ಮೇಲೆ ಇಟ್ಟರು. ಗಂಟು ಒಳಗೆ ಹೋಯಿತು. ಮುಂದಿನ ತೆರೆ ಅದನ್ನು ತಂದು ಅತ್ತೆಯ ಕಾಲ ಬಳಿ ಇಟ್ಟಿತು.

"ಜರಾ ಒಳಗ ಬಿಡು ಯವ್ವಾ" ಎಂದರು ಮನೆಯವರು. ಬಿಟ್ಟರು. ಮತ್ತೆ ಬಂತು. ಮನೆಯವರು ತಾವೇ ಇಸಿದುಕೊಂಡು ಬೀಸಿ ಎಸೆದರು. ಈ ಸಲ ಗಂಟು ಸ್ವಲ್ಪ ಹೊತ್ತು ಕಾಣಲಿಲ್ಲ. ನಾವು ಕೈ ಮುಗಿದೆವು. ಕಣ್ಣು ತೆರೆದರೆ ಅದು ಮನೆಯವರ ಪಾದದ ಮೇಲೆ ಕೂತಿತ್ತು.

ಅತ್ತೆ ನನ್ನ ಕಡೆ ತಿರುಗಿದರು. "ಯಾವ ಖಣ ಹಾಕೀದಿ?"

"ಹಸರ ಖಣ, ಅತ್ತಿ."

"ಚಾಕ್ ಗುರ್ತಿಂದಾ?"

ನಾನು ಮರಳು ನೋಡುತ್ತ ನಿಂತೆ. ಕ್ಯಾಂಪಿನ ಒಂದು ಮನೆಯಲ್ಲೂ ನಿಲ್ಲದ ಖಣ ಸಮುದ್ರದಲ್ಲಿ ನಿಲ್ಲುತ್ತದೆಯೇ? ಅದಕ್ಕೆ ತಿರುಗಿ ಬರುವುದೊಂದೇ ಗೊತ್ತು.

ನಾನು ನಗಿಸಲು ನೋಡಿದೆ. ಅತ್ತೆಗೆ ನಗು ಬರಲಿಲ್ಲ. ಗಂಟನ್ನು ಎದೆಗೆ ಅವಚಿಕೊಂಡು ಮರಳಿನ ಮೇಲೆ ಕೂತರು. "ಖಣದ್ದಲ್ಲ ಬಿಡು. ಹುಡುಗಿ ಒಲ್ಲೆ ಅನ್ನಾಕತ್ತಾಳ. ಇಷ್ಟ ದಿನಾ ಬರ್ಲಿಲ್ಲ, ಈಗ ಯಾಕ ಬಂದೀ ಯವ್ವಾ ಅಂತ" ಎಂದರು. ಕಣ್ಣಿನಲ್ಲಿ ನೀರು ನಿಂತಿತ್ತು. ನನಗೆ ಬಹಳ ಕೆಟ್ಟೆನಿಸಿತು. ಇಡೀ ಪ್ರವಾಸದಲ್ಲಿ ಇದೊಂದನ್ನು ಸರಿಯಾಗಿ ಮಾಡಿಸಬೇಕಿತ್ತು.

ಅವ್ವನ ಕಣ್ಣೀರು ನೋಡಲಾಗದ ಮನೆಯವರು ಸಿಟ್ಟನ್ನು ಸೀಟಿಯವರ ಮೇಲೆ ತೆಗೆದರು. "ನಾವು ಯಾರಂತ ತಿಳದೀರಿ? ಈ ಸಮುದ್ರಕ್ಕ ನೀರು ಕಳಸೋರ ನಾವು!"

"ಹೌದಾ? ಎಲ್ಲಿಂದ?" ಎಂದು ಕೇಳಿದರು ಸೀಟಿಯವರು, ನಿಜವಾದ ಕುತೂಹಲದಿಂದ.

"ನಾರಾಯಣಪುರದಿಂದ್ರಿ! ನಾ ಗೇಟ್ ಎತ್ತಿದೆ ಅಂದ್ರ ನೀರು ಹಿಂಗ ಹೊಂಟ್ತು ನೋಡ್ರಿ" ಎಂದು ಮನೆಯವರು ಕೈ ಬೀಸಿದರು. "ರಾಯಚೂರ ಕಡಿ ಹೋತು. ಅಲ್ಲಿ ಭೀಮಾ ಬಂದು ಕೂಡಿದ್ಳು. ಅಲ್ಲಿಂದ ಸೀದಾ ಆಂಧ್ರಕ್ಕ ಹೋತು. ಅಲ್ಲಿ ಅವರು ಡ್ಯಾಮ್ ತುಂಬಿಸ್ಕೊಂಡ್ರು. ಅಲ್ಲಿಂದ ಇನ್ನೂ ಆಚಿಗಿ..."

"ಅಲ್ಲಿಂದ ಇಲ್ಲಿಗೆ ಹೇಗೆ ಬರ್ತದೆ ಮಾರಾಯ್ರೆ?"

ಮನೆಯವರು ಬೀಸಿದ ಕೈ ಇನ್ನೂ ಎತ್ತಿದ ಹಾಗೆಯೇ ಇತ್ತು. ಆ ಕೈ ತೋರಿಸುತ್ತಿದ್ದದ್ದು ಸಮುದ್ರವನ್ನಲ್ಲ. ನಮ್ಮ ಬೆನ್ನ ಹಿಂದಿನ ರಸ್ತೆ, ತೆಂಗಿನ ಮರ, ಅದರಾಚೆಯ ಗುಡ್ಡಗಳನ್ನು. ಅವರು ತಮ್ಮ ಕೈಯನ್ನೇ ಒಮ್ಮೆ ನೋಡಿದರು. ಸಮುದ್ರವನ್ನು ಒಮ್ಮೆ ನೋಡಿದರು. ನಿಧಾನವಾಗಿ ಕೈ ಇಳಿಸಿದರು.

ಆಂಧ್ರಕ್ಕೆ ಹೋಯಿತು, ಆಂಧ್ರಕ್ಕೆ ಹೋಯಿತು ಎಂದು ನೌಕರಿಯುದ್ದಕ್ಕೂ ಬೈದವರು, ಆಂಧ್ರದಿಂದ ಮುಂದೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುತ್ತ ಕೇಳಿದ ನನಗೂ ಹೊಳೆದಿರಲಿಲ್ಲ. ಗಡಿ ದಾಟಿದ ಮೇಲೆ ನಮ್ಮ ಪಾಲಿಗೆ ನೀರಿನ ಕತೆ ಮುಗಿದ ಹಾಗೆ.

"ಯಾಕ ಸುಮ್ಮನಾದಿ?" ಎಂದು ಕೇಳಿದರು ಅತ್ತೆ.

"ಯವ್ವಾ..." ಮನೆಯವರ ದನಿ ಇಳಿದಿತ್ತು. "ಕೃಷ್ಣವ್ವನ್ನ ಕೊಟ್ಟಿದ್ದು ಈ ಮನಿಗಿ ಅಲ್ಲ. ಆ ಕಡಿ, ಮೂಡಲ ದಿಕ್ಕಿಗಿ ಇನ್ನೊಂದು ಸಮುದ್ರ ಅದ. ಆ ಮನಿಗಿ."

ಅತ್ತೆ ಮಗನನ್ನು ನೋಡಿದರು. ಗಂಟನ್ನು ನೋಡಿದರು. ಆಮೇಲೆ ಸಮುದ್ರವನ್ನು ನೋಡಿದರು. ಈಗ ಅಳುತ್ತಾರೆ ಎಂದು ನಾನು ಹತ್ತಿರ ಹೋದೆ. ಅವರ ಭುಜ ಅಲುಗುತ್ತಿತ್ತು. ಬಗ್ಗಿ ನೋಡಿದರೆ ನಗು! ಪಾರ್ಕಿನಲ್ಲಿ ಬಂದಂಥದ್ದೇ, ನಿಲ್ಲದ ನಗು.

"ಅದಕ್ಕ ವಾಪಸ್ ಕೊಡಾಕತ್ತಾನ! ಪಾಪ, ಇಂವಾದರೂ ಏನ್ ಮಾಡ್ಬೇಕು? ಮಂದಿ ಮನಿ ಬಾಗಲಾಗ ನಿಂತು ನಮ್ಮ ಹುಡುಗಿನ್ನ ಕರೀರಿ, ಉಡಿ ತುಂಬತೀವಿ ಅಂದ್ರ? ಮೂರು ಸಲ ಮರ್ಯಾದಿಲೆ ಹೊಳ್ಳಿ ಕೊಟ್ಟಾನ. ಬ್ಯಾರೆಯವರಾಗಿದ್ರ ಬಡೀತಿದ್ರು!"

ನಾನು ನಕ್ಕೆ, ಸೀಟಿಯವರು ನಕ್ಕರು. ಮನೆಯವರು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡರು.

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು, ನೀರಿಗೆ ಎರಡು ಹೆಜ್ಜೆ ಇಳಿದು, ಅಪರಿಚಿತರ ಮನೆಯ ಹಿರಿಯರಿಗೆ ಹೇಳುವ ಹಾಗೆ ಹೇಳಿದರು. "ತಪ್ಪ ತಿಳಕೋಬ್ಯಾಡ್ರಿ ಯಪ್ಪಾ. ಮನಿ ತಪ್ಪಿ ಬಂದೀವಿ. ಆದ್ರೂ ಬಂದ ಮ್ಯಾಲ ನಿಮಗ ಬಿಟ್ಟು ಉಣ್ಣಾಕ ಆಗಂಗಿಲ್ಲ." ಬುತ್ತಿ ಬಿಚ್ಚಿ ಒಂದು ಸಜ್ಜಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಇಟ್ಟು ತೆರೆಯ ಮೇಲೆ ಬಿಟ್ಟರು.

ನಾವೆಲ್ಲ ಕಾದೆವು. ಒಂದು ತೆರೆ ಬಂತು, ಇನ್ನೊಂದು ಬಂತು. ರೊಟ್ಟಿ ಬರಲಿಲ್ಲ.

"ನೋಡು, ಎಷ್ಟ ಛಲೋ ಮನಿತನ!" ಎಂದರು ಅತ್ತೆ. "ಹಕ್ಕಿಲ್ಲದ ಉಡಿ ಮುಟ್ಟಲಿಲ್ಲ. ಊಟಕ್ಕ ಒಲ್ಲೆ ಅನ್ನಲಿಲ್ಲ."

ಅಲ್ಲೇ ಕೂತು, ಸೀಟಿಯವರನ್ನೂ ಕೂರಿಸಿಕೊಂಡು ಉಂಡೆವು. ಕೆಂಪು ಖಾರ ತಿಂದ ಸೀಟಿಯವರು ತಮ್ಮ ಸೀಟಿ ತಾವೇ ಊದಿಕೊಂಡು ನೀರು ಕೇಳಿದರು. ಉಂಡು ಕೈ ತೊಳೆದ ಅತ್ತೆ ಒದ್ದೆ ಗಂಟನ್ನು ಬಿಚ್ಚಿ, ಅಕ್ಕಿಯನ್ನು ಹಕ್ಕಿಗಳಿಗೆ ಹಾಕಿ, ಹಸಿರು ಖಣವನ್ನು ನನ್ನ ಕೈಗೆ ಕೊಟ್ಟರು.

"ಸಿಹಿನೀರಾಗ ಒಗದು ಒಣಹಾಕು. ಖರೇ ಬೀಗರ ಮನಿಗಿ ಹೋಗೂದದ."

ಮನೆಯವರು ಟೋಪಿಯ ಕೆಳಗಿನಿಂದ ಗೊಣಗಿದರು: "ಆ ಕಡಿ ಸಮುದ್ರದ ದಂಡ್ಯಾಗ ಪುಕ್ಕಟೆ ಇಳಕೊಳ್ಳಾಕ ನಮ್ಮವರು ಯಾರದಾರ ಯವ್ವಾ?"

ಅತ್ತೆ ಮಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಯಾರೂ ಇಲ್ಲಂತ ಹ್ಯಾಂಗಂತಿ? ಮಗಳ್ನ ಕೊಟ್ಟ ಮನಿ ಅದ!"